ಪ್ರಮಾಣವಿಲ್ಲದೆ ಆಡುವ ಮಾತು

ಪುಟ್ಟಿ,

ಜುಲೈನಲ್ಲಿ ಬಾರ್‌ಗೆ, ಅಂದರೆ ವಕೀಲರ ಬಳಗಕ್ಕೆ, ಸೇರಿಸಿಕೊಳ್ಳಲು ಲಿಂಕನ್ಸ್ ಇನ್‌ನಲ್ಲಿ ನಿನ್ನ ಹೆಸರು ಕೂಗಿದಾಗ ನಿಮ್ಮಮ್ಮ ಗಳಗಳ ಅತ್ತಳು, ದೊಡ್ಡಮ್ಮ ಮಾತ್ರ ಕಲ್ಲಿನ ಹಾಗೆ ಕೂತಿದ್ದಳು ಅಂತ ಊರಿಗೆಲ್ಲ ಹೇಳಿದ್ದೀಯಂತೆ. ಹೌದು, ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಎಷ್ಟು ಹೆಣ್ಣುಮಕ್ಕಳ ಹೆಸರು ಬರುತ್ತದೆ ಅಂತ ಬೆರಳು ಮಡಚಿ ಎಣಿಸುತ್ತಿದ್ದೆ. ಅರ್ಧ ದಾಟಿದ ಮೇಲೆ ಲೆಕ್ಕ ಬಿಟ್ಟೆ. 1979ರಲ್ಲಿ ಮಿಡಲ್ ಟೆಂಪಲ್‌ನಲ್ಲಿ ನನ್ನ ಹೆಸರು ಕೂಗಿದ ರಾತ್ರಿ ಎರಡು ಕೈಯ ಬೆರಳು ಸಾಕಾಗಿದ್ದವು. ಸೀರೆ ಉಟ್ಟವಳು ನಾನೊಬ್ಬಳೇ.

ಇನ್ನು ಮೂರು ವಾರಕ್ಕೆ ನಿನ್ನ ತರಬೇತಿ, ಪ್ಯೂಪಿಲೇಜ್, ಶುರುವಾಗುತ್ತದೆ. ಅಷ್ಟರೊಳಗೆ ಒಂದಷ್ಟು ಮಾತು ಕಿವಿಗೆ ಹಾಕಿಬಿಡುತ್ತೇನೆ. ಬಾರ್ ಕೋರ್ಸಿನಲ್ಲಿ ಎಥಿಕ್ಸ್ ಓದಿದ್ದೀಯ, ನಿಯಮದ ಪುಸ್ತಕದ ಹತ್ತು ಕೋರ್ ಡ್ಯೂಟಿಗಳು ಬಾಯಿಪಾಠ ಇವೆ, ಗೊತ್ತು. ಆದರೆ ಮಗ್ಗಿ ಬಂದವರೆಲ್ಲ ಅಂಗಡಿ ನಡೆಸಲಾರರು.

ಮೈಸೂರಿನ ನೆಂಟರು ಆಗಲೇ ನಿನ್ನನ್ನು ಬ್ಯಾರಿಸ್ಟರ್ ಅನ್ನುತ್ತಿದ್ದಾರೆ. ನಮ್ಮವರಿಗೆ ಆ ಪದದ ಮೇಲೆ ಇನ್ನೂ ಮೋಹ. ಗಾಂಧಿ ಬ್ಯಾರಿಸ್ಟರ್, ನೆಹರೂ ಬ್ಯಾರಿಸ್ಟರ್, ಅಂಬೇಡ್ಕರ್ ಬ್ಯಾರಿಸ್ಟರ್. 1961ರ ಅಡ್ವೊಕೇಟ್ಸ್ ಆಕ್ಟ್ ಬಂದಮೇಲೆ ಭಾರತದಲ್ಲಿ ಎಲ್ಲರೂ ಅಡ್ವೊಕೇಟ್ ಆಗಿ ಹೋದರು. ಪದವಿ ಹೋಯಿತು, ಮರ್ಯಾದೆ ಉಳಿಯಿತು. ನೆಂಟರು ಏನಾದರೂ ಅಂದುಕೊಳ್ಳಲಿ, ನೀನು ತಿಳಿದಿರು: ಇನ್ ನಿನ್ನನ್ನು ಬಾರ್‌ಗೆ ಕರೆದಿದೆ, ಅಷ್ಟೇ. ಪ್ಯೂಪಿಲೇಜ್ ಹನ್ನೆರಡು ತಿಂಗಳದ್ದು. ಮೊದಲ ಆರು ತಿಂಗಳು ಸೂಪರ್‌ವೈಸರ್ ಹಿಂದೆ ಕೂತು ನೋಡುವುದು, ಬರೆಯುವುದು. ಕೋರ್ಟಿನಲ್ಲಿ ಬಾಯಿ ತೆರೆಯುವಂತಿಲ್ಲ. ಆಮೇಲಿನ ಆರು ತಿಂಗಳಿಗೆ ತಾತ್ಕಾಲಿಕ ಸರ್ಟಿಫಿಕೇಟು. ಅದು ಕೈಗೆ ಬರುವ ಮುಂಚೆ ಯಾರಿಗೂ, ಸೋದರತ್ತೆಯ ಆಸ್ತಿ ತಗಾದೆಗೂ, ವಕೀಲಳಾಗಿ ಸಲಹೆ ಕೊಡುವುದಕ್ಕೆ ಹೋಗಬೇಡ. ನಿನಗೆ ಸಂಬಳ ಕೊಟ್ಟು ಕಲಿಸುತ್ತಿದ್ದಾರೆ ಅನ್ನುವುದೂ ನೆನಪಿರಲಿ. ನಮಗಿಂತ ಹಿಂದಿನವರು ಗುರುವಿಗೆ ತಾವೇ ನೂರು ಗಿನಿ ತೆತ್ತು ಕಲಿಯುತ್ತಿದ್ದರು.

ಈಗ ನಾನು ಹೇಳಬೇಕೆಂದಿರುವ ಮಾತು. ಕೋರ್ಟಿನಲ್ಲಿ ಯಾರು ಯಾರು ಪ್ರಮಾಣ ಮಾಡುತ್ತಾರೆ, ಸುಮ್ಮನೆ ಒಂದು ದಿನ ಗಮನಿಸು. ಸಾಕ್ಷಿ ಕಟಕಟೆಗೆ ಹತ್ತಿದರೆ ಪುಸ್ತಕ ಹಿಡಿಸುತ್ತಾರೆ. ಆರೋಪಿ ಬಾಯಿ ಬಿಡಬೇಕಾದರೂ ಹಾಗೆಯೇ. ಹನ್ನೆರಡು ಮಂದಿ ಜ್ಯೂರಿಯವರು ಒಬ್ಬೊಬ್ಬರಾಗಿ ಪ್ರಮಾಣ ಓದುತ್ತಾರೆ. ದುಭಾಷಿಯೂ ಓದುತ್ತಾನೆ, ಗುಜರಾತಿ ದುಭಾಷಿಯೊಬ್ಬರು ಪ್ರತಿಸಲ ಓದುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇಡೀ ದಿನ ಎಲ್ಲರಿಗಿಂತ ಹೆಚ್ಚು ಮಾತಾಡುವ ಬ್ಯಾರಿಸ್ಟರ್ ಮಾತ್ರ ಯಾವ ಪುಸ್ತಕವನ್ನೂ ಮುಟ್ಟುವುದಿಲ್ಲ. ನಾವು ಎದ್ದು ನಿಂತು ಹೀಗಿದೆ ಅಂದರೆ ಜಡ್ಜು ಬರೆದುಕೊಳ್ಳುತ್ತಾರೆ. ನಮ್ಮ ವೃತ್ತಿಯ ಬಂಡವಾಳವೆಲ್ಲ ಆ ಬರೆದುಕೊಳ್ಳುವುದರಲ್ಲಿದೆ. ನಿಯಮದ ಪುಸ್ತಕದಲ್ಲಿ ಮೊದಲನೆಯ ಕರ್ತವ್ಯ ಕೋರ್ಟಿಗೆ, ಎರಡನೆಯದು ಕಕ್ಷಿದಾರನಿಗೆ. ಎರಡೂ ಎದುರಾದರೆ ಮೊದಲನೆಯದೇ ಗೆಲ್ಲಬೇಕು. ಯಾಕೆ ಹೀಗೆ ಅಂತ ನಿನ್ನ ಪುಸ್ತಕ ವಿವರಿಸುವುದಿಲ್ಲ. ಪ್ರಮಾಣವಿಲ್ಲದೆ ಮಾತಾಡುವ ಸಲಿಗೆ ಕೊಟ್ಟಿದ್ದಾರಲ್ಲ, ಅದರ ಬಾಡಿಗೆ ಇದು.

ನಾನು ಈ ಬಾಡಿಗೆ ಕಟ್ಟಿದ ಒಂದೆರಡು ಸಂದರ್ಭ ಹೇಳುತ್ತೇನೆ. ಹೆಸರು, ಊರು ಕೇಳಬೇಡ. ಕಕ್ಷಿದಾರ ತೀರಿಕೊಂಡರೂ ಗುಟ್ಟು ತೀರುವುದಿಲ್ಲ.

ಎಂಬತ್ತರ ದಶಕದ ನಡುಗಾಲ. ಪೂರ್ವ ಲಂಡನ್ನಿನ ಒಂದು ಕ್ರೌನ್ ಕೋರ್ಟು. ಮನೆಗಳ್ಳತನದ ಕೇಸು, ನಾನು ಆರೋಪಿಯ ಪರ. ವಿಚಾರಣೆ ಹತ್ತೂವರೆಗೆ. ಹತ್ತು ಗಂಟೆಗೆ ನೆಲಮಾಳಿಗೆಯ ಸೆಲ್ಲಿಗೆ ಇಳಿದೆ. ಹಸಿರು ಬಣ್ಣ ಬಳಿದ ಗೋಡೆ, ಫಿನಾಯಿಲು, ಸಿಗರೇಟು, ಯಾರೋ ತಿಂದ ಚಿಪ್ಸಿನ ವಿನಿಗರ್ ವಾಸನೆ. ಇಪ್ಪತ್ತೆರಡು ವರ್ಷದ ಹುಡುಗ. ಗುಲಾಬಿ ದಾರ ಬಿಚ್ಚಿ ಕೇಸಿನ ಕಾಗದ, ಅಂದರೆ ಬ್ರೀಫ್, ಮೇಜಿನ ಮೇಲೆ ಇಟ್ಟೆನೋ ಇಲ್ಲವೋ, ಅವನು ಮುಂದಕ್ಕೆ ಬಾಗಿ, "ಮಿಸ್, ಮಾಡಿದ್ದು ನಾನೇ. ಆದರೆ ಅವರ ಹತ್ತಿರ ಸರಿಯಾದ ಸಾಕ್ಷಿ ಇಲ್ಲ ಅಲ್ಲವಾ?" ಅಂದ.

ಕೇಳಬಾರದ್ದನ್ನು ಕೇಳಿಯಾಗಿತ್ತು. ಅವನಿಗೆ ಬಿಡಿಸಿ ಹೇಳಿದೆ. ನೀನು ತಪ್ಪು ಒಪ್ಪಿಕೊಳ್ಳಲೇಬೇಕೆಂದಿಲ್ಲ. ಅಪರಾಧ ಸಾಬೀತು ಮಾಡುವುದು ಪ್ರಾಸಿಕ್ಯೂಷನ್ನಿನ ಹೊಣೆ. ಅವರ ಸಾಕ್ಷ್ಯ ಗಟ್ಟಿಯಿದೆಯೋ ಟೊಳ್ಳೋ ಅಂತ ತಟ್ಟಿ ನೋಡುವುದು ನನ್ನ ಕೆಲಸ, ಅದನ್ನು ಮಾಡುತ್ತೇನೆ. ಆದರೆ ನೀನು ಆ ರಾತ್ರಿ ಬೇರೆ ಕಡೆ ಇದ್ದೆ ಅಂತ ಹೇಳಲು ನಿನ್ನ ಗೆಳೆಯನನ್ನು ಕರೆಸುವುದಿಲ್ಲ. ಕದ್ದವನು ಇನ್ನೊಬ್ಬ ಇರಬಹುದು ಅಂತ ಸೂಚಿಸುವುದಿಲ್ಲ. ನೀನೇ ಕಟಕಟೆ ಹತ್ತಿ ಸುಳ್ಳು ಹೇಳುತ್ತೀನಿ ಅಂದರೆ ನಾನು ಕೇಸು ಬಿಟ್ಟು ಹೊರಡುತ್ತೇನೆ, ಯಾಕೆ ಬಿಟ್ಟೆ ಅಂತ ಜಡ್ಜಿಗೂ ಹೇಳುವುದಿಲ್ಲ. ಅಂಥ ಹೊತ್ತಿಗೆ ಇಲ್ಲಿನವರು ಎದ್ದು ನಿಂತು, ನನಗೆ ವೃತ್ತಿಯ ಮುಜುಗರ ಬಂದಿದೆ ಅಂತಾರೆ. ನಮ್ಮ ಭಾಷೆಯಲ್ಲಿ ಅದಕ್ಕೆ ಇನ್ನೂ ಒಳ್ಳೆಯ ಮಾತಿದೆ, ಧರ್ಮಸಂಕಟ.

ಹುಡುಗ ಯೋಚಿಸಿ, ಕಟಕಟೆ ಹತ್ತುವುದಿಲ್ಲ ಅಂದ. ಮೇಲೆ ಹೋದೆವು. ಗುರುತು ಹಿಡಿದ ಸಾಕ್ಷಿ ಒಬ್ಬರೇ, ವಯಸ್ಸಾದ ಹೆಂಗಸು. ಬೀದಿದೀಪ ಎಷ್ಟು ದೂರದಲ್ಲಿತ್ತು, ಕನ್ನಡಕ ಹಾಕಿಕೊಂಡಿದ್ದಿರಾ, ಮುಖ ಎಷ್ಟು ಸೆಕೆಂಡು ಕಂಡಿತು ಅಂತ ಕೇಳಿದೆ. ಒಂದು ಪ್ರಶ್ನೆಯಲ್ಲೂ ನೀವು ಸುಳ್ಳು ಹೇಳುತ್ತಿದ್ದೀರಿ ಅನ್ನುವ ಧ್ವನಿ ಬಾರದ ಹಾಗೆ ಎಚ್ಚರ ವಹಿಸಿದೆ, ಯಾಕೆಂದರೆ ಆಕೆ ನಿಜ ಹೇಳುತ್ತಿದ್ದಳು ಅಂತ ನನಗೆ ಗೊತ್ತಿತ್ತು. ಇಂಥ ದುರ್ಬಲ ಗುರುತಿನ ಮೇಲೆ ಕೇಸು ನಿಲ್ಲದಿದ್ದರೆ ಜಡ್ಜು ಜ್ಯೂರಿಯವರೆಗೆ ಕಳಿಸಬಾರದು ಅಂತ 1976ರ ಟರ್ನ್‌ಬುಲ್ ತೀರ್ಪು ಹೇಳಿದೆ. ಜಡ್ಜು ಕೇಸು ನಿಲ್ಲಿಸಿದರು. ಹುಡುಗ ಹೊರಗೆ ಬಂದು ಕೈ ಚಾಚಿದ, ಕುಲುಕಿದೆ. ಬಸ್ ಸ್ಟಾಪಿನಲ್ಲಿ ಆ ಹೆಂಗಸೂ ನಿಂತಿದ್ದಳು. ನಾನು ಮುಂದಿನ ಸ್ಟಾಪಿಗೆ ನಡೆದುಕೊಂಡು ಹೋದೆ.

ಆ ನಡಿಗೆಯನ್ನು ಮುಚ್ಚಿಟ್ಟು ನಿನಗೆ ಉಪದೇಶ ಮಾಡಿದರೆ ನಾನೂ ಸುಳ್ಳು ಹೇಳಿದ ಹಾಗಾಗುತ್ತದೆ. ತಪ್ಪು ಮಾಡಿದವನ ಪರ ಹೇಗೆ ನಿಲ್ಲುತ್ತೀಯ ಅಂತ ನಿನ್ನನ್ನು ಮದುವೆಮನೆಯಲ್ಲಿ, ನಾಮಕರಣದಲ್ಲಿ, ಎಲ್ಲೆಲ್ಲೂ ಕೇಳುತ್ತಾರೆ. ನಾನು ನಿಂತಿದ್ದು ತಪ್ಪಿನ ಪರವಲ್ಲ, ಸಾಬೀತು ಮಾಡಿ ಅನ್ನುವ ಮಾತಿನ ಪರ ಅಂತ ಹೇಳು. ಅವರು ಒಪ್ಪುವುದಿಲ್ಲ. ಹೋಳಿಗೆ ತಿಂದು ಮನೆಗೆ ಬಾ.

ಇನ್ನೊಂದು ನನ್ನದೇ ತಪ್ಪು. ಶಿಕ್ಷೆ ಕಡಿಮೆ ಮಾಡಿ ಅಂತ ಕೇಳಿಕೊಳ್ಳುವ ದಿನ ಬೆಳಿಗ್ಗೆ ರೈಲಿನಲ್ಲಿ ಕಾಗದ ಓದಿದೆ. ಕಕ್ಷಿದಾರ ಕೆಲಸದಲ್ಲಿದ್ದಾನೆ, ಮಾಲೀಕರು ಒಳ್ಳೆಯ ಪತ್ರ ಕೊಟ್ಟಿದ್ದಾರೆ ಅಂತ ಜಡ್ಜಿಗೆ ಭಾವುಕಳಾಗಿ ಹೇಳಿದೆ. ಶಿಕ್ಷೆ ನಾಳೆ ಹೇಳುತ್ತೇನೆ ಅಂದರು. ರಾತ್ರಿ ಪಾತ್ರೆ ತೊಳೆದು ಕಾಗದ ಜೋಡಿಸುವಾಗ ಪತ್ರದ ತಾರೀಖು ಕಣ್ಣಿಗೆ ಬಿತ್ತು. ಎರಡು ವರ್ಷ ಹಳೆಯದು. ಆ ಕೆಲಸ ಎಂದೋ ಹೋಗಿತ್ತು. ಬೇಕೆಂದು ಹೇಳಿದ್ದಲ್ಲ, ಸರಿ. ಆದರೆ ಗೊತ್ತಾದ ಮೇಲೂ ಸುಮ್ಮನಿದ್ದರೆ ಅದು ಬೇಕೆಂದೇ ಹೇಳಿದ ಹಾಗೆ. ನಿಯಮ ಹೇಳುವುದೂ ಅದನ್ನೇ. ಬೆಳಿಗ್ಗೆ ಮೊದಲು ಕಕ್ಷಿದಾರನ ಹತ್ತಿರ ಹೋದೆ. ನಾನು ಹೇಳಿದ್ದನ್ನು ತಿದ್ದಬೇಕು, ಬೇಡ ಅಂದರೆ ನಿನ್ನ ಕೇಸು ಬಿಡಬೇಕು ಅಂದೆ. ಬಾಯಿಗೆ ಬಂದ ಹಾಗೆ ಬೈದ. ಆಮೇಲೆ ಒಪ್ಪಿದ. ಎದ್ದು ನಿಂತು ಮೂರು ವಾಕ್ಯದಲ್ಲಿ ತಿದ್ದಿದೆ. ಜಡ್ಜು ತಲೆ ಎತ್ತಿ ಒಮ್ಮೆ ನೋಡಿ ಬರೆದುಕೊಂಡರು. ಒಂಬತ್ತು ತಿಂಗಳು ಜೈಲಾಯಿತು. ರೈಲಿನಲ್ಲಿ ತಾರೀಖು ನೋಡಿದ್ದರೆ ಅವನಿಗೆ ಸುಳ್ಳು ಆಸೆಯಾದರೂ ಹುಟ್ಟುತ್ತಿರಲಿಲ್ಲ. ಅದಕ್ಕೇ ಹೇಳುವುದು: ಕಾಗದ ಹಿಂದಿನ ರಾತ್ರಿ ಓದು, ಮೊದಲು ತಾರೀಖು ಓದು.

ನಿನಗೆ ವಿರುದ್ಧವಾದ ತೀರ್ಪು ಕಣ್ಣಿಗೆ ಬಿದ್ದರೆ, ಎದುರಿನ ವಕೀಲರಿಗೆ ಅದು ಗೊತ್ತಿಲ್ಲದಿದ್ದರೂ, ನೀನೇ ಜಡ್ಜಿನ ಮುಂದೆ ಇಡಬೇಕು. ಒಮ್ಮೆ ಇಟ್ಟೆ, ಸೋತೆ. ನನಗೆ ಆ ಕೇಸು ಕಳಿಸಿದ್ದ ಸಾಲಿಸಿಟರ್ ಮತ್ತೆಂದೂ ಬ್ರೀಫ್ ಕಳಿಸಲಿಲ್ಲ. ಕೊನೆಗೆ ಒಳ್ಳೆಯದಾಯಿತು ಅಂತ ಕತೆ ಮುಗಿಸುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಸೋತೆ, ಅಷ್ಟೇ.

ಇನ್ನು ಇಲ್ಲದ ತೀರ್ಪಿನ ವಿಷಯ. 2025ರ ಜೂನ್‌ನಲ್ಲಿ ಹೈಕೋರ್ಟಿನಲ್ಲಿ ಡೇಮ್ ವಿಕ್ಟೋರಿಯಾ ಶಾರ್ಪ್ ಕೊಟ್ಟ ತೀರ್ಪನ್ನು ಓದಿದ್ದೀಯಲ್ಲ? ಓದಿಲ್ಲದಿದ್ದರೆ ಇವತ್ತೇ ಓದು. ಅವರ ಮುಂದೆ ಎರಡು ಪ್ರಕರಣ ಒಟ್ಟಿಗೆ ಬಂದವು. ಒಂದರಲ್ಲಿ ಹ್ಯಾರಿಂಗೇ ಕೌನ್ಸಿಲಿನ ವಿರುದ್ಧದ ದಾವೆ. ಬ್ಯಾರಿಸ್ಟರ್ ಸಲ್ಲಿಸಿದ ಬರಹದಲ್ಲಿ ಐದು ತೀರ್ಪುಗಳು ಭೂಮಿಯ ಮೇಲೆ ಇರಲೇ ಇಲ್ಲ. ಇನ್ನೊಂದರಲ್ಲಿ ಉಲ್ಲೇಖಿಸಿದ 45ರಲ್ಲಿ 18 ಇರಲಿಲ್ಲ. ಕಕ್ಷಿದಾರನೇ ಎಐ ಬಳಸಿ ಹುಡುಕಿ ಕೊಟ್ಟದ್ದನ್ನು ಸಾಲಿಸಿಟರ್ ನಂಬಿ ಹಾಕಿದ್ದರು. ವಿಷಯ ನಿಯಂತ್ರಕ ಮಂಡಳಿಗಳಿಗೆ ಹೋಯಿತು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಾಲದಲ್ಲೂ ಸೋಮಾರಿಗಳು ಇನ್ನೊಬ್ಬರ ನೋಟ್ಸ್ ನೋಡಿ ತೀರ್ಪಿನ ಹೆಸರು ಬರೆಯುತ್ತಿದ್ದರು. ವ್ಯತ್ಯಾಸ ಇಷ್ಟೇ, ಆ ತೀರ್ಪುಗಳು ಲೈಬ್ರರಿಯಲ್ಲಿ ಸಿಗುತ್ತಿದ್ದವು. ನೀನು ಉಲ್ಲೇಖಿಸುವ ಪ್ರತಿ ತೀರ್ಪನ್ನೂ ನಿನ್ನ ಕಣ್ಣಿಂದ ಓದಿರಬೇಕು. ಪ್ರಮಾಣವಿಲ್ಲದ ಮಾತು ಅಂದೆನಲ್ಲ, ಬರೆದು ಕೊಟ್ಟದ್ದೂ ಮಾತೇ.

ಹೋದ ವಾರ ಫೋನಿನಲ್ಲಿ ಜಗಳ ಆಡಿದೆವಲ್ಲ, ಈಗ ಆ ವಿಷಯಕ್ಕೆ ಬರುತ್ತೇನೆ. ಎಣ್ಣೆ ಕಂಪನಿಯ ಬ್ರೀಫ್ ಬಂದರೆ ನಾನು ಮುಟ್ಟುವುದಿಲ್ಲ ಅಂದೆ ನೀನು. ಹಾಗೆ ಆರಿಸಲು ಬಿಡದ ಕ್ಯಾಬ್ ರ‍್ಯಾಂಕ್ ನಿಯಮವನ್ನು ನಮ್ಮವರಿಗೆ ವಿವರಿಸುವುದು ಸುಲಭ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಆಟೋದವರು ಹೇಗಿರುತ್ತಾರೋ ಹಾಗೆ ಇರಬೇಡ ಅನ್ನುವುದೇ ಆ ನಿಯಮ. ಆ ಕಡೆ ಬರಲ್ಲ ಮೇಡಂ, ಡಬಲ್ ಮೀಟರ್ ಆದರೆ ಬರ್ತೀನಿ, ಈ ಪ್ಯಾಸೆಂಜರ್ ಬೇಡ ಅನ್ನುವಂತಿಲ್ಲ. ಸಾಲಿನಲ್ಲಿ ಮುಂದೆ ನಿಂತಿರುವ ಗಾಡಿ ಮೊದಲು ಬಂದ ಪ್ರಯಾಣಿಕನನ್ನು ಹತ್ತಿಸಿಕೊಳ್ಳಬೇಕು. ನಿನಗೆ ಆ ಕಾನೂನಿನಲ್ಲಿ ಅನುಭವ ಇದ್ದರೆ, ದಿನ ಬಿಡುವಿದ್ದರೆ, ತಕ್ಕ ಫೀಜು ಕೊಡುತ್ತಿದ್ದರೆ ಒಪ್ಪಬೇಕು. ಕಕ್ಷಿದಾರ ಎಂಥವನು, ಅವನ ಪರ ನಿಂತರೆ ಜನ ಏನನ್ನುತ್ತಾರೆ ಅನ್ನುವುದು ಕಾರಣವಾಗಬಾರದು.

ಈ ನಿಯಮಕ್ಕಾಗಿ ಜನ ಬೆಲೆ ತೆತ್ತಿದ್ದಾರೆ. ಗ್ರೇಸ್ ಇನ್‌ನ ಜಾನ್ ಕುಕ್, 1649ರಲ್ಲಿ ಮೊದಲನೇ ಚಾರ್ಲ್ಸ್ ದೊರೆಯ ವಿರುದ್ಧ ವಾದಿಸುವ ಕೆಲಸ ಒಪ್ಪಿಕೊಂಡ. ರಾಜಮನೆತನ ಮರಳಿ ಬಂದಾಗ, 1660ರಲ್ಲಿ, ಅವನನ್ನು ಕೊಂದರು. ಥಾಮಸ್ ಎರ್ಸ್ಕಿನ್ 1792ರಲ್ಲಿ ಬಂಡಾಯ ಲೇಖಕ ಥಾಮಸ್ ಪೇನ್ ಪರ ನಿಂತ. ಯುವರಾಜನ ಅಟಾರ್ನಿ ಜನರಲ್ ಹುದ್ದೆ ಕೈತಪ್ಪಿತು.

2023ರ ಮಾರ್ಚ್‌ನಲ್ಲಿ ಇಲ್ಲಿನ ನೂರಕ್ಕೂ ಹೆಚ್ಚು ವಕೀಲರು ಘೋಷಣೆಗೆ ಸಹಿ ಹಾಕಿದರು: ಹೊಸ ಎಣ್ಣೆ, ಕಲ್ಲಿದ್ದಲು ಯೋಜನೆಗಳ ಪರ ಕೆಲಸ ಮಾಡುವುದಿಲ್ಲ, ಶಾಂತಿಯುತವಾಗಿ ಪ್ರತಿಭಟಿಸಿದ ಪರಿಸರವಾದಿಗಳ ವಿರುದ್ಧ ಪ್ರಾಸಿಕ್ಯೂಟ್ ಮಾಡುವುದಿಲ್ಲ ಅಂತ. ಸಹಿ ಹಾಕಿದವರ ಮನಸ್ಸು ಒಳ್ಳೆಯದು, ಅವರ ಭಯ ನಿಜವಾದದ್ದು. ಆದರೂ ನಾನು ಹಾಕುತ್ತಿರಲಿಲ್ಲ. ಎಣ್ಣೆ ಕಂಪನಿಗೆ ವಕೀಲರ ಬರ ಎಂದಾದರೂ ಬಂದೀತೇ? ಇನ್ನೂರು ಮಂದಿ ಒಲ್ಲೆ ಅಂದರೆ ಇನ್ನೂರ ಒಂದನೆಯವರು ಸಿಕ್ಕುತ್ತಾರೆ. ಮನಸ್ಸಿಗೆ ಬಾರದವರ ಬ್ರೀಫ್ ಬಿಡಬಹುದು ಅಂತ ಒಮ್ಮೆ ಆಗಿಬಿಟ್ಟರೆ ಮೊದಲು ಬೀದಿಗೆ ಬೀಳುವವನು ಮಗುವಿನ ಮೇಲೆ ಕೈಯೆತ್ತಿದ ಆರೋಪ ಹೊತ್ತ ಬಡವ, ಆಮೇಲೆ ದೋಣಿಯಲ್ಲಿ ಬಂದ ನಿರಾಶ್ರಿತ.

ನಮ್ಮ ಕಡೆಯ ಉದಾಹರಣೆಯೇ ಬೇಕೇ? 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸಾಯಿತು. ಅವರ ಪರ ಯಾರೂ ವಕಾಲತ್ತು ಹಾಕಬಾರದು ಅಂತ ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಬೆಂಗಳೂರಿನಿಂದ ವಕೀಲರು ಹೋಗಿ ಪೊಲೀಸ್ ಕಾವಲಿನಲ್ಲಿ ಜಾಮೀನು ಅರ್ಜಿ ಹಾಕಬೇಕಾಯಿತು. ಹೈಕೋರ್ಟು ಆ ನಿರ್ಣಯವನ್ನು ಕಟುವಾಗಿ ಆಕ್ಷೇಪಿಸಿತು. ಇಂಥ ನಿರ್ಣಯಗಳು ಊರ್ಜಿತವಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು. ಭಾರತದ ಬಾರ್ ಕೌನ್ಸಿಲಿನ ನಿಯಮಗಳಲ್ಲೂ ಬಂದ ಬ್ರೀಫ್ ಒಪ್ಪಬೇಕು ಅಂತಲೇ ಇದೆ. ಹುಬ್ಬಳ್ಳಿಯವರಿಗೂ ತಮ್ಮ ಮನಸ್ಸು ಒಳ್ಳೆಯದೇ ಅನ್ನಿಸಿರುತ್ತದೆ, ಪುಟ್ಟಿ. ಅದೇ ನನಗೆ ಹೆದರಿಕೆ. ಎಣ್ಣೆ ಕಂಪನಿಯ ಬ್ರೀಫ್ ನಿಜವಾಗಿ ಬಂದ ದಿನ ಮತ್ತೆ ಜಗಳ ಆಡೋಣ. ನಿನ್ನ ಮೊದಲ ವರ್ಷ ಬರುವುದು ಅಂಗಡಿಯಲ್ಲಿ ಚೀಸ್ ಕದ್ದವರ ಬ್ರೀಫ್.

ಚೇಂಬರ್ಸ್ ಬಗ್ಗೆ ಒಂದೆರಡು ಮಾತು. ಊರಿನಿಂದ ಬಂದವರಿಗೆಲ್ಲ ಅದು ಕಂಪನಿಯ ಹಾಗೆ ಕಾಣುತ್ತದೆ. ಹೊರಗೆ ಬಾಗಿಲ ಪಕ್ಕ ಸಾಲಾಗಿ ಹೆಸರು ಬರೆದಿರುತ್ತದಲ್ಲ, ಒಬ್ಬೊಬ್ಬರದೂ ಸ್ವಂತ ಅಂಗಡಿ. ಬಾಡಿಗೆ, ಕ್ಲರ್ಕು, ಚಹಾದ ಕೆಟಲು ಮಾತ್ರ ಒಟ್ಟಿಗೆ. ಹಾಗಾಗಿ ಒಂದೇ ಮೆಟ್ಟಿಲು ಹತ್ತುವ ಇಬ್ಬರು ಒಂದೇ ಕೇಸಿನಲ್ಲಿ ಎದುರುಬದುರು ನಿಲ್ಲಬಹುದು. ಪ್ರಿಂಟರಿನ ಮೇಲೆ ಕಾಗದ ಬಿಟ್ಟು ಹೋಗಬೇಡ. ಕ್ಲರ್ಕನ್ನು ನಮ್ಮೂರ ಗುಮಾಸ್ತರ ಹಾಗೆ ಅಂದುಕೊಂಡೀಯ, ಜೋಕೆ. ನಿನಗೆ ಕೆಲಸ ತರುವವರು ಅವರೇ, ಫೀಜು ಮಾತಾಡುವವರೂ ಅವರೇ. ಮರ್ಯಾದೆಯಿಂದಿರು. ಆದರೆ ಅವರು ಒಪ್ಪಿಕೊಂಡ ಕೇಸು ನಿನ್ನ ಅಳವಿಗೆ ಮೀರಿದ್ದು ಅನ್ನಿಸಿದರೆ ಆಗುವುದಿಲ್ಲ ಅನ್ನುವ ಧೈರ್ಯವೂ ಇರಲಿ. ಕಕ್ಷಿದಾರನ ದುಡ್ಡನ್ನು ಇಟ್ಟುಕೊಳ್ಳುವ ಅಧಿಕಾರ ನಿನಗಿಲ್ಲ, ನಿನ್ನ ಫೀಜು ಬಿಟ್ಟು ಒಂದು ಪೆನ್ನಿಯೂ ಕೈಗೆ ಬರಬಾರದು. 2004ರಿಂದ ತರಬೇತಿ ಪಡೆದ ಬ್ಯಾರಿಸ್ಟರುಗಳ ಹತ್ತಿರ ಜನ ಸಾಲಿಸಿಟರ್ ಇಲ್ಲದೆ ನೇರವಾಗಿ ಬರಬಹುದು. ನಮ್ಮ ಕನ್ನಡದವರು ನಿನ್ನ ಬಾಗಿಲಿಗೂ ಬಂದಾರು, ಅಕ್ಕ ಇದನ್ನು ಸ್ವಲ್ಪ ಇಟ್ಟುಕೊಂಡಿರಿ ಅಂತ ಲಕೋಟೆ ಚಾಚಿಯಾರು. ಮುಟ್ಟಬೇಡ.

ಗುಟ್ಟಿನ ವಿಷಯ ಹೇಳಿದೆನಲ್ಲ. ನಿನ್ನ ದೊಡ್ಡಪ್ಪ ಇದ್ದಾಗ ಒಂದು ಸಂಜೆ ಬಸ್ಸಿನ ಮಹಡಿಯಲ್ಲಿ ಕೂತು ಆ ದಿನದ ಕೇಸನ್ನು ಅವರಿಗೆ ಕನ್ನಡದಲ್ಲಿ ರಸವತ್ತಾಗಿ ಹೇಳುತ್ತಿದ್ದೆ. ಹೆಸರು ಹೇಳಲಿಲ್ಲ, ಮಿಕ್ಕಿದ್ದೆಲ್ಲ ಹೇಳಿದೆ. ಲಂಡನ್ ಬಸ್ಸಿನಲ್ಲಿ ಕನ್ನಡ ಯಾರಿಗೆ ಬರುತ್ತದೆ ಅನ್ನುವ ಧೈರ್ಯ. ಹಿಂದಿನ ಸೀಟಿನ ಹಿರಿಯರು ಇಳಿಯುವಾಗ ನಿಂತು, "ನಾನೂ ದಾವಣಗೆರೆಯವನು ತಾಯಿ, ಆಮೇಲೇನಾಯ್ತು?" ಅಂದರು. ನನ್ನ ಮುಖ ಎಲ್ಲಿಡಲಿ? ಅಂದಿನಿಂದ ನಾನು ಬಸ್ಸಿನಲ್ಲಿ ಹವಾಮಾನ ಮಾತ್ರ ಮಾತಾಡಿದ್ದೇನೆ. ನಿನ್ನ ಕಾಲದ ಬಸ್ಸು ವಾಟ್ಸಾಪ್ ಗುಂಪು. ಅಲ್ಲಿ ದಾವಣಗೆರೆಯವರು ಕಾಣುವುದೂ ಇಲ್ಲ.

ಇನ್ನು ನಮ್ಮ ಮೇಲೆ ಕಣ್ಣಿಡುವವರು ಯಾರು? ನಾನು ಸೇರಿದಾಗ ಬ್ಯಾರಿಸ್ಟರುಗಳ ಹಿತ ಕಾಯುವ ಬಾರ್ ಕೌನ್ಸಿಲೇ ಬ್ಯಾರಿಸ್ಟರುಗಳ ತಪ್ಪನ್ನೂ ವಿಚಾರಿಸುತ್ತಿತ್ತು. ಮದುವೆಯ ಗಂಡಿನ ಕಡೆಯವರೇ ಪಂಚಾಯಿತಿ ಕೂತ ಹಾಗೆ. 2006ರಲ್ಲಿ ಆ ಕೆಲಸ ಬೇರೆ ಮಾಡಿ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್ ಕಟ್ಟಿದರು. 2007ರ ಲೀಗಲ್ ಸರ್ವಿಸಸ್ ಆಕ್ಟ್ ಅದರ ಮೇಲೊಂದು ಲೀಗಲ್ ಸರ್ವಿಸಸ್ ಬೋರ್ಡ್ ಕೂರಿಸಿತು. ಸೇವೆ ಸರಿಯಿಲ್ಲ ಅನ್ನುವ ಜನರ ದೂರು ಮೊದಲು ಚೇಂಬರ್ಸಿಗೆ, ಅಲ್ಲಿ ಬಗೆಹರಿಯದಿದ್ದರೆ ಲೀಗಲ್ ಓಂಬುಡ್ಸ್‌ಮನ್‌ಗೆ. ನಡತೆಯ ದೂರು ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡಿಗೆ. ಗಂಭೀರವಾದದ್ದಾದರೆ ಟ್ರಿಬ್ಯೂನಲ್ಲು ಸಾಮಾನ್ಯವಾಗಿ ಬಹಿರಂಗವಾಗಿಯೇ ವಿಚಾರಣೆ ನಡೆಸುತ್ತದೆ. ದಂಡ, ಅಮಾನತು, ಕೊನೆಗೆ ಪಟ್ಟಿಯಿಂದ ಹೆಸರು ತೆಗೆಯುವುದು.

ನಿಯಂತ್ರಕರು ತಪ್ಪುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಇನ್ನರ್ ಟೆಂಪಲ್ 1922ರಲ್ಲಿ ಗಾಂಧಿಯ ಹೆಸರು ಹೊಡೆದುಹಾಕಿತು, ಮರಳಿ ಸೇರಿಸಲು 1988 ಬರಬೇಕಾಯಿತು. ಸ್ವಾತಂತ್ರ್ಯ ಹೋರಾಟಗಾರ ಶ್ಯಾಮಜಿ ಕೃಷ್ಣವರ್ಮರ ಹೆಸರು 1909ರಲ್ಲಿ ಹೋದದ್ದು 2015ರಲ್ಲಿ ಮರಳಿತು. ಆದರೆ ಟ್ರಿಬ್ಯೂನಲ್ಲಿನ ಮುಂದೆ ಬರುವವರೆಲ್ಲ ಗಾಂಧಿಗಳಲ್ಲ. ಹೆಚ್ಚಿನವರು ಸಣ್ಣದೊಂದನ್ನು ಮುಚ್ಚಿಡಲು ಹೋಗಿ ದೊಡ್ಡದು ಮಾಡಿಕೊಂಡವರು. ತಪ್ಪಾದರೆ ನೀನೇ ಮುಂದಾಗಿ ಬೋರ್ಡಿಗೆ ಬರೆ. ಗಂಭೀರ ದುರ್ನಡತೆ ನಿನ್ನದಾದರೂ ಸರಿ, ಇನ್ನೊಬ್ಬರದಾದರೂ ಸರಿ, ವರದಿ ಮಾಡುವುದು ನಿನ್ನ ಕರ್ತವ್ಯ.

ಇನ್ನೊಬ್ಬರದು ಅಂದೆ. ನಾನು ಚೇಂಬರ್ಸ್ ಹುಡುಕುವಾಗ ಒಂದು ಕಡೆ, ನಮ್ಮಲ್ಲಿ ಹೆಂಗಸರ ಟಾಯ್ಲೆಟ್ ಇಲ್ಲ, ಆದ್ದರಿಂದ ತೆಗೆದುಕೊಳ್ಳಲು ಆಗುವುದಿಲ್ಲ ಅಂದರು. ಇನ್ನೊಂದು ಕಡೆ ಸೇರಿದ ಮೇಲೆ ಒಬ್ಬ ಹಿರಿಯರ ಕೋಣೆಗೆ ಹೋಗುವಾಗ ಬಾಗಿಲು ತೆರೆದೇ ಇಡು ಅಂತ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಅಷ್ಟೇ ನಮ್ಮ ದೂರು ವ್ಯವಸ್ಥೆ. ನಾನು ಯಾರಿಗೂ ಬರೆಯಲಿಲ್ಲ. ಬರೆಯಬೇಕಿತ್ತು. 2025ರಲ್ಲಿ ಹ್ಯಾರಿಯೆಟ್ ಹಾರ್ಮನ್ ಅವರು ಬಾರ್‌ನೊಳಗಿನ ಕಿರುಕುಳ, ದಬ್ಬಾಳಿಕೆಯ ಬಗ್ಗೆ ಕೊಟ್ಟ ವರದಿ ಓದಿದಾಗ, ಇಷ್ಟು ವರ್ಷವಾದರೂ ಆ ಬಾಗಿಲು ಇನ್ನೂ ತೆರೆದಿಡಬೇಕಾಗಿದೆಯಲ್ಲ ಅಂತ ಸಂಕಟವಾಯಿತು. ನಿನಗೆ ಹಾಗೇನಾದರೂ ಆದರೆ ಮೊದಲು ನನಗೆ ಫೋನ್ ಮಾಡು. ಆಮೇಲೆ ದೂರನ್ನು ಇಬ್ಬರೂ ಕೂತು ಬರೆಯೋಣ.

ವಿಮೆ ಇಲ್ಲದೆ ಕೆಲಸ ಮಾಡುವಂತಿಲ್ಲ ಅಂತ ನಿನಗೆ ಹೇಳಿಯೇ ಇರುತ್ತಾರೆ. ನಮ್ಮ ಮೇಲೂ ದಾವೆ ಹೂಡಬಹುದಲ್ಲ, ಆ ಕತೆ ಸೊಗಸು. ನಾರ್ಬರ್ಟ್ ರಾಂಡೆಲ್ ಅನ್ನುವವನು ಜೈಲಿಗೆ ಹೋದ ಮೇಲೆ ತನ್ನ ಬ್ಯಾರಿಸ್ಟರ್ ಮೈಕೆಲ್ ವರ್ಸ್ಲಿ ಸರಿಯಾಗಿ ವಾದಿಸಲಿಲ್ಲ ಅಂತ ಅವರ ಮೇಲೇ ದಾವೆ ಹೂಡಿದ. ಕೋರ್ಟಿನಲ್ಲಿ ಮಾಡಿದ ವಾದಕ್ಕೆ ಬ್ಯಾರಿಸ್ಟರ್ ಮೇಲೆ ದಾವೆ ನಡೆಯುವುದಿಲ್ಲ ಅಂತ ಹೌಸ್ ಆಫ್ ಲಾರ್ಡ್ಸ್ 1967ರಲ್ಲಿ ತೀರ್ಪಿತ್ತಿತು. ನಾನು ವೃತ್ತಿಯ ಮೊದಲ ಇಪ್ಪತ್ತು ವರ್ಷ ಆ ಕೊಡೆಯ ಕೆಳಗೇ ನಡೆದೆ. 2000ದಲ್ಲಿ ಅದೇ ಹೌಸ್ ಆಫ್ ಲಾರ್ಡ್ಸ್ ಕೊಡೆ ಮಡಚಿತು. ಆಗ ನಮ್ಮವರೆಲ್ಲ ಆಕಾಶ ಬಿತ್ತು ಅಂದರು. ಬೀಳಲಿಲ್ಲ. ವೈದ್ಯನ ಮೇಲೆ, ಎಂಜಿನಿಯರ್ ಮೇಲೆ ದಾವೆ ಹೂಡಬಹುದಾದರೆ ನಮ್ಮ ಮೇಲೆ ಯಾಕಾಗಬಾರದು? ಅತ್ತ ಭಾರತದಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯಡಿ ಬರುವುದಿಲ್ಲ ಅಂದಿತು. ಬೆಂಗಳೂರಿನ ನನ್ನ ಸಹಪಾಠಿಗಳು ಸಿಹಿ ಹಂಚಿದರಂತೆ. ನನಗೆ ಒಂದು ಪೇಡಾ ಇಟ್ಟಿದ್ದರೂ ತಿನ್ನುತ್ತಿರಲಿಲ್ಲ.

ದುಡ್ಡಿನ ಮಾತು ಬಿಟ್ಟರೆ ನೀನು ನನ್ನನ್ನು ನಂಬುವುದಿಲ್ಲ. ಕ್ರಿಮಿನಲ್ ಕೆಲಸದಲ್ಲಿ ಮೊದಲ ವರ್ಷಗಳು ಬಡತನದವೇ. ಸರ್ಕಾರ ಕೊಡುವ ಲೀಗಲ್ ಏಡ್ ಫೀಜು ಸಾಲದೆ 2022ರಲ್ಲಿ ಇಲ್ಲಿನ ಕ್ರಿಮಿನಲ್ ಬ್ಯಾರಿಸ್ಟರುಗಳು ವಿಗ್ ಹಾಕಿಕೊಂಡೇ ಓಲ್ಡ್ ಬೇಲಿ ಕೋರ್ಟಿನ ಮುಂದೆ ಮುಷ್ಕರ ಹೂಡಿದರು. ನಿವೃತ್ತಳಾಗಿದ್ದರೂ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ನಾನೂ ಹೋಗಿದ್ದೆ. ಅಕ್ಟೋಬರ್‌ನಲ್ಲಿ ಶೇ. 15ರ ಹೆಚ್ಚಳಕ್ಕೆ ಒಪ್ಪಿ ಮುಗಿಸಿದರು. ಲಂಡನ್ನಿನ ಬಾಡಿಗೆ ಅದಕ್ಕಿಂತ ಬೇಗ ಓಡುತ್ತದೆ. ನನ್ನ ಮೇಲಿನ ಕೋಣೆ ಖಾಲಿ ಇದೆ, ಆರು ತಿಂಗಳು ಇಲ್ಲೇ ಇರು. ನಾಚಿಕೆ ಪಡಬೇಡ.

ಭಾನುವಾರ ಊಟಕ್ಕೆ ಬಾ. ವಿಗ್‌ನ ಕರಿ ಡಬ್ಬಿ ಕಪಾಟಿನ ಮೇಲಿನಿಂದ ಇಳಿಸಿಟ್ಟಿದ್ದೇನೆ. ಕುದುರೆ ಕೂದಲು ಹಳದಿಯಾಗಿದೆ, ಒಂದು ಕಡೆ ಸುರುಳಿ ಬಿಚ್ಚಿಕೊಂಡಿದೆ. ಹೊಸದು ಕೊಳ್ಳಬೇಡ, ಬಿಳಿ ವಿಗ್ ನೋಡಿದ ಕೂಡಲೇ ಹೊಸಬಳು ಅಂತ ಸೆಲ್ಲಿನ ಕಾವಲುಗಾರನಿಗೂ ಗೊತ್ತಾಗುತ್ತದೆ. ಡಬ್ಬಿಯ ಮೇಲೆ ಚಿನ್ನದ ಅಕ್ಷರದಲ್ಲಿ ನನ್ನ ಹೆಸರಿದೆ, ಅಳಿಸಬೇಡ. ಕೆಳಗೆ ನಿನ್ನದಕ್ಕೆ ಜಾಗ ಉಳಿದಿದೆ. ನನ್ನ ತಲೆ ನಿನ್ನದಕ್ಕಿಂತ ದೊಡ್ಡದು. ಒಳಗೆ ಪಟ್ಟಿ ಹೊಲಿದುಕೊಡುತ್ತೇನೆ, ಅಳತೆ ಕೊಡುವುದಕ್ಕೆ ಊಟಕ್ಕೆ ಒಂದು ಗಂಟೆ ಮುಂಚೆಯೇ ಬಾ.